ಅಲ್ಯೂಮಿನಿಯಂ ಹೆಡ್ ಮೇಲಿನ ಕಲೆ: ತೊಳೆಯುವ ಮೊದಲು ಗುರುತು ಹಿಡಿಯುವುದು ಹೇಗೆ

ಮಳೆಗಾಲ ಮುಗಿದು ದೀಪಾವಳಿ ಹೊತ್ತಿಗೆ ಶೆಡ್ಡಿನ ಬಾಗಿಲು ತೆಗೆದು ಹಳೇ ಕಾರಿನ ಬಾನೆಟ್ ಎತ್ತಿದವರಿಗೆ ಈ ನೋಟ ಗೊತ್ತಿರುತ್ತದೆ. ಪ್ಲಗ್ಗುಗಳ ಸುತ್ತ ಅಕ್ಕಿ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಪುಡಿ. ಮೇಲಿನ ಹೋಸ್ ಕೂರುವ ಕಡೆ ನೀಲಿ ಹಸಿರು ಹಕ್ಕಳೆ. ಉಳಿದ ಕಡೆ ಎಣ್ಣೆ ಮಣ್ಣು ಸೇರಿ ಕಟ್ಟಿದ ಕಪ್ಪು ಜಿಡ್ಡು. ನೋಡಿದ ತಕ್ಷಣ ಕೈ ಹೋಗುವುದು ವೈರ್ ಬ್ರಷ್ಷಿಗೆ, ಇಲ್ಲವೇ ಬಚ್ಚಲಲ್ಲಿರುವ ಆಸಿಡ್ ಬಾಟಲಿಗೆ. ದಯವಿಟ್ಟು ಎರಡನ್ನೂ ಸ್ವಲ್ಪ ಹೊತ್ತು ದೂರ ಇಡಿ. ಕಲೆ ಯಾವುದು ಅಂತ ಗೊತ್ತಾಗದೆ ತೊಳೆದರೆ ಎರಡು ನಷ್ಟ. ಅದು ಯಾಕೆ ಬಂತು ಅನ್ನುವ ಗುರುತು ಹೋಗುತ್ತದೆ, ಜೊತೆಗೆ ಲೋಹವೂ ಹಾಳಾಗಬಹುದು.

ನಾನು ಬರೆಯುತ್ತಿರುವುದು ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿಯನ್ನು ಮನಸ್ಸಲ್ಲಿಟ್ಟುಕೊಂಡು. ಅದರ 1089 ಸಿಸಿ ಇಂಜಿನ್ನಿನಲ್ಲಿ ಸಿಲಿಂಡರುಗಳಿರುವ ಬ್ಲಾಕ್ ಬೀಡಿನದು (ಎರಕದ ಕಬ್ಬಿಣ), ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ ಅಲ್ಯೂಮಿನಿಯಂ. ಅಂಬಾಸಿಡರ್‌ನ ಹಳೇ 1489 ಸಿಸಿ ಪೆಟ್ರೋಲ್ ಇಂಜಿನ್ನಿಗೆ ಹೆಡ್ಡೂ ಬೀಡೇ, ಹಾಗಾಗಿ ಅಲ್ಲಿ ಈ ತೊಂದರೆ ಸಣ್ಣ ಪುಟ್ಟ ಭಾಗಗಳಿಗೆ ಮಾತ್ರ. ನಿಮ್ಮದು ಬೇರೆ ಗಾಡಿಯಾದರೂ ಲೋಹ ಅದೇ, ಮಲೆನಾಡಿನ ಶೀತವೂ ಅದೇ.

ಮೊದಲು ಲೋಹ ಯಾವುದು ನೋಡಿ

ಭಾಗಕ್ಕೆ ಆಯಸ್ಕಾಂತ ಇಟ್ಟು ನೋಡಿ. ಹಿಡಿದರೆ ಕಬ್ಬಿಣ. ಹಿಡಿಯದಿದ್ದರೆ ಅಲ್ಯೂಮಿನಿಯಂ ಅಂತ ತಕ್ಷಣ ತೀರ್ಮಾನ ಮಾಡಬೇಡಿ. ಹಳೇ ಕಾರ್ಬ್ಯುರೇಟರ್ ಮತ್ತು ಪೆಟ್ರೋಲ್ ಪಂಪಿನ ಮೈ ಎಷ್ಟೋ ಸಲ ಸತುವಿನ ಎರಕ ಆಗಿರುತ್ತದೆ. ಕೈಯಲ್ಲಿ ಹಿಡಿದರೇ ತಿಳಿಯುತ್ತದೆ: ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ ಸತು 7 ಗ್ರಾಂ ತೂಗುತ್ತದೆ. ಗಾತ್ರಕ್ಕಿಂತ ಭಾರ ಜಾಸ್ತಿ ಅನ್ನಿಸಿದ್ದನ್ನು ಬೇರೆ ಬುಟ್ಟಿಗೆ ಹಾಕಿ. ಮುಂದೆ ಹೇಳುವ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರು ಸತುವನ್ನು ಬೇಗ ತಿನ್ನುತ್ತದೆ. ಅದಕ್ಕೆ ಪೆಟ್ರೋಲು, ಮೆತ್ತನೆ ಬ್ರಷ್ಷು, ಇಷ್ಟೇ ಸಾಕು.

ಅಲ್ಯೂಮಿನಿಯಂ ಸ್ವಭಾವ ತಿಳಿಯಲು ಅಡುಗೆಮನೆಗೆ ಹೋಗಿ ಬಂದರೆ ಆಯಿತು. ಅಲ್ಯೂಮಿನಿಯಂ ಪಾತ್ರೆಯಲ್ಲಿ ದಿನಾ ನೀರು ಕಾಸಿದರೆ ಒಳಗೆ ಕಪ್ಪಾಗುತ್ತಾ ಬರುತ್ತದೆ. ಅದೇ ಪಾತ್ರೆಯಲ್ಲಿ ಒಂದು ದಿನ ಟೊಮ್ಯಾಟೊ ಬೇಯಿಸಿದರೆ ಕಪ್ಪು ಹೋಗಿ ಬೆಳ್ಳಗಾಗುತ್ತದೆ. ಹುಳಿ ಮಾಡಿ ರಾತ್ರಿಯಿಡೀ ಅದರಲ್ಲೇ ಬಿಟ್ಟರೆ ಮಾತ್ರ ಅಮ್ಮ ಬೈಯುತ್ತಾರೆ, ಅಲ್ವಾ? ಇಡೀ ವಿದ್ಯೆ ಇಷ್ಟರಲ್ಲೇ ಇದೆ. ಅಲ್ಯೂಮಿನಿಯಂ ಮೇಲೆ ತಾನಾಗಿಯೇ ಕಟ್ಟಿಕೊಳ್ಳುವ ಒಂದು ತೆಳು ಆಕ್ಸೈಡ್ ಪೊರೆ ಇದೆ. ಆ ಪೊರೆಯೇ ಅದನ್ನು ಕಾಯುವುದು. ಕಾಸ್ಟಿಕ್ ಸೋಡಾ, ಸುಣ್ಣದಂಥ ಕ್ಷಾರವೂ ಅದನ್ನು ಕರಗಿಸುತ್ತದೆ, ಜೋರು ಆಸಿಡ್ಡೂ ಕರಗಿಸುತ್ತದೆ. ಸೌಮ್ಯ ಹುಳಿಯನ್ನು ಸ್ವಲ್ಪ ಹೊತ್ತು ಮಾತ್ರ ತಡೆದುಕೊಳ್ಳುತ್ತದೆ.

ಬಿಳಿ ಪುಡಿ

ಪುಡಿ ಎಲ್ಲಿದೆ ಅನ್ನುವುದು ಮುಖ್ಯ. ಹೆಡ್ಡಿನ ಮೈ ತುಂಬ ಒಂದೇ ಸಮ ತೆಳ್ಳಗೆ ಇದ್ದರೆ ಅದು ಗಾಳಿಯ ಶೀತ. ಆಗುಂಬೆ ಕಡೆ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಬೀಳುತ್ತದೆ. ಜೂನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಲ್ಲಿ ನಿಂತ ಇಂಜಿನ್ ಒಣಗಿರಲಿ ಅಂದರೆ ಹೇಗೆ? ಈ ಪುಡಿಯಿಂದ ಭಯವಿಲ್ಲ. ಒರೆಸಿದರೆ ಕೆಳಗೆ ಲೋಹ ನುಣ್ಣಗಿರುತ್ತದೆ.

ಪುಡಿ ಒಂದೇ ಜಾಗದಲ್ಲಿ ದಪ್ಪ ಕಟ್ಟಿದ್ದರೆ, ಅದೂ ಹೋಸ್ ಬಾಯಿ, ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಸೋರದಂತೆ ಕೂರಿಸುವ ಹಾಳೆ) ಅಂಚು, ವಾಟರ್ ಪಂಪಿನ ಕೆಳಗೆ ಇದ್ದರೆ, ಅಲ್ಲಿ ನೀರು ಒಸರುತ್ತಿದೆ. ಇಂಜಿನ್ ಬಿಸಿ ಇದ್ದಾಗ ಒಸರಿ ಅಲ್ಲೇ ಆರುತ್ತದೆ, ಉಪ್ಪು ಉಳಿಯುತ್ತದೆ. ನೆಲದಲ್ಲಿ ಒಂದು ಹನಿಯೂ ಕಾಣುವುದಿಲ್ಲ. ಇಲ್ಲಿ ಪುಡಿಯನ್ನು ಉಜ್ಜುವ ಮೊದಲು ಫೋಟೋ ತೆಗೆದಿಡಿ, ಸೋರುವ ಜಾಗ ಅದೇ ತೋರಿಸುತ್ತದೆ. ಉಗುರಿನಿಂದ ಕೆರೆದು ನೋಡಿ. ಅಡಿಯಲ್ಲಿ ಸಣ್ಣ ಸಣ್ಣ ಗುಳಿ ಸಿಕ್ಕರೆ ಲೋಹ ತಿಂದುಹೋಗಿದೆ ಅಂತ ಅರ್ಥ. ಹೊರಗಡೆಯ ಗುಳಿಯಾದರೆ ಹಾಗೇ ಬಿಡಬಹುದು. ಗ್ಯಾಸ್ಕೆಟ್ ಕೂರುವ ಮುಖದಲ್ಲಿ, ನೀರಿನ ತೂತಿನಿಂದ ಸಿಲಿಂಡರ್ ಕಡೆಗೆ ಗುಳಿ ಹಬ್ಬಿದ್ದರೆ ಆರ್ಗಾನ್ ವೆಲ್ಡಿಂಗ್ ಮಾಡಿಸಿ ಫೇಸಿಂಗ್ ಹಾಕಿಸಬೇಕು, ಅಂದರೆ ಮೆಷಿನ್ನಿನಲ್ಲಿ ಮುಖವನ್ನು ಸಮತಟ್ಟು ಮಾಡಿಸಬೇಕು. ಎಂ-ಸೀಲ್ ಥರದ ಅಂಟು ಅಲ್ಲಿ ನಿಲ್ಲುವುದಿಲ್ಲ.

ಕೊಟ್ಟಿಗೆ ಪಕ್ಕದಲ್ಲಿ ಗಾಡಿ ನಿಲ್ಲಿಸುವವರಿಗೆ ಒಂದು ಮಾತು. ಗಂಜಲದಿಂದ ಏಳುವ ಅಮೋನಿಯಾ ಕ್ಷಾರದ ಜಾತಿಯದು. ಶೀತದ ಜೊತೆ ಸೇರಿದರೆ ಅಲ್ಯೂಮಿನಿಯಂಗೂ ಒಳ್ಳೆಯದಲ್ಲ, ಹಿತ್ತಾಳೆಗಂತೂ ಖಂಡಿತ ಒಳ್ಳೆಯದಲ್ಲ. ಗಾಡಿಯ ಜಾಗ ಬದಲಾಯಿಸಿ.

ನೀಲಿ ಹಸಿರು ಹಕ್ಕಳೆ

ನನ್ನನ್ನು ಜಾಸ್ತಿ ಕಾಡಿದ್ದು ಇದು. ಎರಡು ವರ್ಷ ಇದನ್ನು ರೇಡಿಯೇಟರ್ ತಪ್ಪು ಅಂತಲೇ ತಿಳಿದಿದ್ದೆ. ರೇಡಿಯೇಟರ್ ತಾಮ್ರ ಹಿತ್ತಾಳೆಯದು, ಸೋರಿದರೆ ಹಸಿರು ಬರುತ್ತದೆ, ಆ ಲೆಕ್ಕ ಸರಿಯೇ. ಆದರೆ ನಮ್ಮ ಹೆಡ್ಡಿನಲ್ಲಿ ಹಸಿರು ಇದ್ದದ್ದು ರೇಡಿಯೇಟರಿನಿಂದ ದೂರ, ಹಿಂಬದಿಯಲ್ಲಿ, ಹನಿ ಹನಿಯಾಗಿ ಸಿಡಿದ ಹಾಗೆ. ಮೇಲಿಂದ ಏನೋ ಸಿಡಿದಿರಬೇಕು ಅಂತ ಶೆಡ್ಡಿನ ಗೋಡೆ ನೋಡಿದೆ. ಗೋಡೆಯ ಮೇಲೂ ಅದೇ ನೀಲಿ ಚುಕ್ಕೆಗಳು.

ಆಗ ಹೊಳೆಯಿತು. ಗಾಡಿ ಪಕ್ಕದಲ್ಲೇ ಪ್ರತಿ ಮೇ ಕೊನೆಗೆ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವುದು. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹೆಡ್ಡಿನ ಕೆಲಸ ಅರ್ಧಕ್ಕೆ ನಿಲ್ಲಿಸಿ ಬಾನೆಟ್ ತೆಗೆದಿಟ್ಟಿದ್ದ ವರ್ಷ ಅದು.

ತೋಟದವರಿಗೆಲ್ಲ ಗೊತ್ತಿರುವ ಪರೀಕ್ಷೆ ಒಂದಿದೆ. ಕಲಸಿದ ಮೇಲೆ ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿಯುತ್ತೇವೆ. ಕತ್ತಿಯ ಮೇಲೆ ಕೆಂಪು ಬಣ್ಣ ಕೂತರೆ ತುತ್ತ ಜಾಸ್ತಿ ಉಳಿದಿದೆ, ಇನ್ನಷ್ಟು ಸುಣ್ಣ ಬೇಕು. ಆ ಕೆಂಪು ಅಂದರೆ ತಾಮ್ರ. ನೀರಲ್ಲಿ ಕರಗಿದ್ದ ತಾಮ್ರ ಕಬ್ಬಿಣವನ್ನು ಕರಗಿಸಿ ಅದರ ಜಾಗದಲ್ಲಿ ತಾನು ಕೂರುತ್ತದೆ. ಅಲ್ಯೂಮಿನಿಯಂ ಮೇಲೂ ಇದೇ ಆಗುವುದು, ಪೊರೆ ಒಡೆದ ಕಡೆ ಇನ್ನೂ ಜೋರಾಗಿ. ಕೂತ ತಾಮ್ರದ ಚುಕ್ಕೆ ಅಲ್ಲೇ ಉಳಿದು, ಶೀತ ಸಿಕ್ಕಾಗಲೆಲ್ಲ ಸುತ್ತಲಿನ ಅಲ್ಯೂಮಿನಿಯಂ ತಿನ್ನುತ್ತಾ ಆಳಕ್ಕೆ ಇಳಿಯುತ್ತದೆ. ಸುಣ್ಣ ಸರಿಯಾಗಿ ಕೂಡಿದ ಮಿಶ್ರಣಕ್ಕಿಂತ ಬರೀ ತುತ್ತ ಕರಗಿಸಿದ ನೀರಿನ ಹನಿ ಹೆಚ್ಚು ಅಪಾಯ. ಸುಣ್ಣದ ಹನಿಯೂ ಕ್ಷಾರವಾದ್ದರಿಂದ ಅದನ್ನೂ ನಂಬುವ ಹಾಗಿಲ್ಲ.

ರೇಡಿಯೇಟರಿಗೆ ಬರೀ ಬಾವಿ ನೀರು, ಹಳ್ಳದ ನೀರು ತುಂಬುವ ಗಾಡಿಗಳಲ್ಲಿ ಇದೇ ಕೆಲಸ ಒಳಗಡೆ ನಡೆಯುತ್ತದೆ. ರೇಡಿಯೇಟರಿನಿಂದ ಕರಗಿದ ತಾಮ್ರ ನೀರಿನ ಜೊತೆ ಹೆಡ್ಡಿಗೆ ಬಂದು ಕೂರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಹೆಡ್ ಬಿಚ್ಚಿದಾಗ ನೀರಿನ ತೂತಿನ ಅಂಚು ಇರುವೆ ತಿಂದ ಬೆಲ್ಲದ ಹಾಗೆ ಇರುತ್ತದೆ.

ಪರಿಹಾರ: ಮೊದಲು ಹಕ್ಕಳೆಯನ್ನು ಒಣಗಿದ್ದಾಗಲೇ ಕೆರೆದು ತೆಗೆಯಿರಿ. ಮೊದಲೇ ನೀರು ಹಾಕಿದರೆ ತಾಮ್ರದ ಉಪ್ಪು ಕರಗಿ ಹರಡುತ್ತದೆ. ಆಮೇಲೆ ಜಾಸ್ತಿ ನೀರಲ್ಲಿ ತೊಳೆಯಿರಿ. ಮಸೂರ ಹಿಡಿದು ಪ್ರತಿ ಗುಳಿಯ ತಳ ನೋಡಿ, ಕೆಂಪಗೆ ಚುಕ್ಕೆ ಕಂಡರೆ ಸ್ಟೇನ್‌ಲೆಸ್ ಸೂಜಿಯಿಂದ ಕೆರೆದು ಬೆಳ್ಳಗೆ ಲೋಹ ಕಾಣುವ ತನಕ ಬಿಡಬೇಡಿ. ಬೇಸರದ ಕೆಲಸ. ನನಗೆ ಎರಡು ಭಾನುವಾರ ಹಿಡಿಯಿತು. ಆದರೆ ಒಂದು ಚುಕ್ಕೆ ಬಿಟ್ಟರೂ ಮುಂದಿನ ಮಳೆಗೆ ಅದೇ ಜಾಗದಲ್ಲಿ ಮತ್ತೆ ಬಿಳಿ ಪುಡಿ ಏಳುತ್ತದೆ.

ಬೆರಳಿಗೆ ಹತ್ತುವ ಕಪ್ಪು

ಕಪ್ಪು ಎರಡು ಥರ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಕರಗಿ ಬರುವುದು ಎಣ್ಣೆ ಜಿಡ್ಡು. ಸೀಮೆಎಣ್ಣೆಗೂ ಜಗ್ಗದೆ, ಒಣ ಬೆರಳಲ್ಲಿ ತೀಡಿದರೆ ಕಾಡಿಗೆ ಹಾಗೆ ಹತ್ತುವುದು ಬೇರೆ. ಅದು ಕಾಸ್ಟಿಕ್ ಸೋಡಾದ ಗುರುತು.

ಎರಕದ ಅಲ್ಯೂಮಿನಿಯಂನಲ್ಲಿ ಸಿಲಿಕಾನ್, ತಾಮ್ರ ಬೆರೆತಿರುತ್ತವೆ. ಕಾಸ್ಟಿಕ್ ಅಲ್ಯೂಮಿನಿಯಂನ್ನು ಕರಗಿಸಿದಾಗ ಇವು ಕರಗದೆ ಕಪ್ಪು ಪುಡಿಯಾಗಿ ಮೇಲೆ ಉಳಿಯುತ್ತವೆ. ಅಂದರೆ ಕಪ್ಪು ಕಂಡಷ್ಟೂ ಲೋಹ ಹೋಗಿದೆ.

ನಮ್ಮ ಮೊದಲ ಹೆಡ್ ಹಾಳಾದದ್ದು ಹೀಗೆಯೇ. ರೀಬೋರಿಂಗಿಗೆ (ಸವೆದ ಸಿಲಿಂಡರ್ ಕೊರೆದು ಸರಿಮಾಡುವುದು) ಅಂತ ಬ್ಲಾಕ್ ಮತ್ತು ಹೆಡ್ ಎರಡನ್ನೂ ಒಂದು ಅಂಗಡಿಗೆ ಕೊಟ್ಟಿದ್ದೆ. ಬೀಡಿನ ಬ್ಲಾಕ್ ತೊಳೆಯುವ ಬಿಸಿ ಕಾಸ್ಟಿಕ್ ತೊಟ್ಟಿಗೆ ಅವರು ಹೆಡ್ಡನ್ನೂ ಇಳಿಸಿ ರಾತ್ರಿಯಿಡೀ ಬಿಟ್ಟರು. ಬ್ಲಾಕ್ ಹೊಸದರ ಹಾಗೆ ಬಂತು. ಹೆಡ್ ಬಂದದ್ದು ಇದ್ದಿಲಿನ ಹಾಗೆ. ತೀರ್ಥಹಳ್ಳಿಯಲ್ಲಿ ನಮ್ಮ ಗಾಡಿ ನೋಡುವ ಹಿರಿಯ ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು, ನೀರಿನ ತೂತಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಇದಕ್ಕೆ ಎಂತ ಹಾಕಿ ತೊಳೆದ್ರು ಮಾರಾಯ್ರೆ? ಅಂಚೇ ಇಲ್ಲ ಇದರಲ್ಲಿ."

ಚೂಪಾಗಿ ಇರಬೇಕಾದ ಅಂಚುಗಳೆಲ್ಲ ನೆಕ್ಕಿದ ಪೆಪ್ಪರ್‌ಮೆಂಟಿನ ಹಾಗೆ ಉರುಟಾಗಿದ್ದವು. ವಾಲ್ವ್ ಗೈಡುಗಳು ಕೂರುವ ತೂತು ಸಡಿಲ ಆಗಿತ್ತು. "ಇದಕ್ಕೆ ದುಡ್ಡು ಹಾಕ್ಬೇಡಿ, ಬೇರೆ ಹೆಡ್ ಹುಡುಕಿ" ಅಂದರು. ಅವರು ಹೇಳಿದ್ದೇ ಸರಿ. ಹೆಡ್ ಕೊಡುವಾಗ "ಇದು ಅಲ್ಯೂಮಿನಿಯಂ, ಕಾಸ್ಟಿಕ್ ತೊಟ್ಟಿಗೆ ಹಾಕಬೇಡಿ" ಅಂತ ಚೀಟಿ ಬರೆದು ತಂತಿಯಲ್ಲಿ ಕಟ್ಟಿ ಕೊಡಿ. ಬಾಯಲ್ಲಿ ಹೇಳಿದರೆ ಸಾಲದು, ತೊಟ್ಟಿಗೆ ಇಳಿಸುವ ಹುಡುಗನಿಗೆ ಮಾತು ತಲುಪಿರುವುದಿಲ್ಲ.

ಸ್ವಲ್ಪ ಹೊತ್ತು ಮಾತ್ರ ಕ್ಷಾರ ತಾಗಿ ತೆಳ್ಳಗೆ ಕಪ್ಪಾಗಿದ್ದರೆ ಗಾಬರಿ ಬೇಡ. ಗಟ್ಟಿ ನೈಲಾನ್ ಬ್ರಷ್, ಪಾತ್ರೆ ಸೋಪು, ಬಿಸಿ ನೀರಲ್ಲಿ ಉಜ್ಜಿದರೆ ಬಹಳಷ್ಟು ಬಿಡುತ್ತದೆ. ಉಳಿದದ್ದನ್ನು ತೆಗೆಯಲು ಪ್ಲೇಟಿಂಗ್ ಅಂಗಡಿಯವರು ನೈಟ್ರಿಕ್‌ನಂಥ ಜೋರು ಆಸಿಡ್ ಬಳಸುತ್ತಾರೆ. ಅದು ಮನೆಯ ಅಂಗಳದಲ್ಲಿ ಮಾಡುವ ಕೆಲಸ ಅಲ್ಲ. ಕಾಸ್ಟಿಕ್ ಮತ್ತು ಅಲ್ಯೂಮಿನಿಯಂ ಸೇರಿದಾಗ ಏಳುವ ಗುಳ್ಳೆ ಹೈಡ್ರೋಜನ್, ಬೆಂಕಿ ತಾಗಿದರೆ ಉರಿಯುತ್ತದೆ. ಬಚ್ಚಲ ಒಲೆ ಪಕ್ಕ ಯಾರೂ ಇದನ್ನು ಮಾಡಬೇಡಿ.

ತೊಳೆದ ತಿಂಗಳಿಗೆ ಕಂದು ಚುಕ್ಕೆ

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ, ಆದರೂ ತುಕ್ಕಿನ ಬಣ್ಣದ ಚುಕ್ಕೆ ಬಂದಿದೆ ಅಂದರೆ ಯಾರೋ ಕಬ್ಬಿಣದ ವೈರ್ ಬ್ರಷ್ ಅಥವಾ ಸ್ಟೀಲ್ ಉಲ್ಲನ್ ಹಾಕಿ ಉಜ್ಜಿದ್ದಾರೆ. ಮುರಿದ ಎಳೆಗಳು ಮೆತ್ತನೆ ಲೋಹದೊಳಗೆ ಚುಚ್ಚಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತವೆ. ನಿಂಬೆ ಉಪ್ಪಿನ ನೀರು ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ.

ಬಾರದ ಸ್ಟಡ್

ಕಬ್ಬಿಣದ ಸ್ಟಡ್ (ತಲೆಯಿಲ್ಲದ ಬೋಲ್ಟ್), ಅಲ್ಯೂಮಿನಿಯಂ ತೂತು, ನಡುವೆ ಶೀತ. ಬಿಳಿ ಪುಡಿ ಊದಿಕೊಂಡು ಸ್ಟಡ್ಡನ್ನು ಬಿಗಿ ಹಿಡಿದಿರುತ್ತದೆ. ಬಲ ಹಾಕಿದರೆ ಮುರಿಯುವುದು ಖಂಡಿತ. ಬಿಸಿ ಮಾಡಿ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಾಗಾಗಿ ತೂತು ದೊಡ್ಡದಾಗಿ ಹಿಡಿತ ಬಿಡುತ್ತದೆ. ಮೊದಲು ಎಣ್ಣೆ, ಪೆಟ್ರೋಲು ಎಲ್ಲ ಒರೆಸಿ. ಹಾಟ್ ಏರ್ ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಸುತ್ತ ಆಡಿಸಿ. ನೀರಿನ ಹನಿ ಹಾಕಿದರೆ ಚುಂಯ್ ಅಂತ ತಕ್ಷಣ ಆರಬೇಕು, ಅಷ್ಟು ಬಿಸಿ ಸಾಕು. ಪಕ್ಕದಲ್ಲಿ ಬಟ್ಟೆ ಸೋಪಿನಿಂದ ಒಂದು ಗೆರೆ ಎಳೆದಿಡಿ. ಆ ಗೆರೆ ಕಂದು ಬಣ್ಣಕ್ಕೆ ತಿರುಗಿದರೆ ಬಿಸಿ ತುಂಬಾ ಮೀರಿದೆ, ಲೋಹ ಮೆತ್ತಗಾಗುತ್ತದೆ. ಈಗ ಸ್ಪ್ಯಾನರ್ ಹಾಕಿ ಮೊದಲು ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ. "ಕಿರ್" ಅಂತ ಒಂದು ಸಣ್ಣ ಸದ್ದು ಬಂದರೆ ಬಿಟ್ಟಿತು ಅಂತ ಲೆಕ್ಕ. ಆ ಸದ್ದು ಕೇಳುವ ತನಕ ಉಸಿರು ಬಿಗಿ ಹಿಡಿದೇ ಇರುತ್ತೇನೆ.

ಮುರಿದೇ ಹೋದರೆ ಮತ್ತೂ ಒಂದು ದಾರಿ ಇದೆ. ಕ್ಷೌರದ ಅಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಪಟಿಕ. ಅದನ್ನು ಬಿಸಿ ನೀರಲ್ಲಿ ಕರಗುವಷ್ಟು ಕರಗಿಸಿ, ಭಾಗವನ್ನು ಅದರಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿಟ್ಟರೆ ಉಕ್ಕು ನಿಧಾನ ಕರಗುತ್ತದೆ, ಅಲ್ಯೂಮಿನಿಯಂ ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ಬೇಕು. ಥರ್ಮೋಸ್ಟಾಟ್ ಮುಚ್ಚಳದಂಥ ಸಣ್ಣ ಭಾಗಕ್ಕೆ ಸರಿ, ಇಡೀ ಹೆಡ್ಡಿಗೆ ಲೇತ್ ಅಂಗಡಿಯೇ ಸರಿ. ಒಳಗೆ ಉಕ್ಕಿನ ಬುಷ್ಷು, ಸೀಟು ಇರುವ ಭಾಗಕ್ಕೆ ಇದನ್ನು ಮಾಡಬೇಡಿ, ಅವೂ ಕರಗುತ್ತವೆ.

ತೊಳೆಯುವ ಕ್ರಮ

ಕಲೆ ಗುರುತಾಯಿತು ಅಂದ ಮೇಲೆ ತೊಳೆಯುವುದು ಸುಲಭ. ದಪ್ಪ ಜಿಡ್ಡಿಗೆ ನಾನು ಅಡಿಕೆ ದಬ್ಬೆಯ ಚೂರನ್ನು ಉಳಿಯ ಹಾಗೆ ಕೆತ್ತಿಕೊಳ್ಳುತ್ತೇನೆ. ಜಿಡ್ಡಿಗಿಂತ ಗಟ್ಟಿ, ಅಲ್ಯೂಮಿನಿಯಂಗಿಂತ ಮೆತ್ತಗೆ. ಗ್ಯಾಸ್ಕೆಟ್ ಮುಖಕ್ಕೂ ಗೀರು ಬೀಳುವುದಿಲ್ಲ. ಆಮೇಲೆ ಡೀಸೆಲ್ ಹಚ್ಚಿ ಒಂದು ರಾತ್ರಿ ಬಿಡಿ. ಕಂಬಶ್ಚನ್ ಚೇಂಬರಿನ ಕಾರ್ಬನ್ ಕೂಡ ಇದರಲ್ಲಿ ಮೆತ್ತಗಾಗುತ್ತದೆ. ಬೆಳಗ್ಗೆ ಬ್ರಷ್ ಹಾಕಿ, ಪಾತ್ರೆ ಸೋಪು ಬಿಸಿ ನೀರಲ್ಲಿ ತೊಳೆದರೆ ಮುಕ್ಕಾಲು ಕೆಲಸ ಮುಗಿದಿರುತ್ತದೆ.

ಉಳಿದ ಮಂಕಿಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ 50 ಗ್ರಾಂ. ಹತ್ತು ನಿಮಿಷ, ಜಾಸ್ತಿ ಅಂದರೆ ಹದಿನೈದು. ಹಾಕಿಟ್ಟು ಊಟಕ್ಕೆ ಹೋಗಬೇಡಿ. ತಕ್ಷಣ ನೀರಲ್ಲಿ ಎರಡು ಮೂರು ಸಲ ಜಾಲಿಸಿ ಬಿಸಿಲಿಗೆ, ಮಳೆಗಾಲವಾದರೆ ಹಾಟ್ ಏರ್ ಗನ್ನಿಗೆ ಹಿಡಿಯಿರಿ. ಟಾಯ್ಲೆಟ್ ಆಸಿಡ್ ಬೇಡವೇ ಬೇಡ, ಅದರಲ್ಲಿರುವ ಹೈಡ್ರೋಕ್ಲೋರಿಕ್ ಗುಳಿ ತೋಡುತ್ತದೆ. "ಅಲ್ಯೂಮಿನಿಯಂ ಬ್ರೈಟ್ನರ್" ಅಂತ ಮಾರುವ ಕೆಲವು ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ. ಅದು ಚರ್ಮದ ಮೂಲಕ ಒಳಗಿಳಿದು ಜೀವಕ್ಕೇ ಅಪಾಯ ತರುವ ವಸ್ತು. ಬಾಟಲಿ ಮೇಲೆ ಆ ಹೆಸರಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಬ್ಲಾಸ್ಟಿಂಗ್ (ಗಾಳಿಯ ರಭಸದಲ್ಲಿ ಪುಡಿ ಹೊಡೆದು ಉಜ್ಜುವುದು) ಮಾಡಿಸುವವರು ಮರಳು ಬಳಸಿಸಬೇಡಿ. ಲೋಹ ಸವೆಯುತ್ತದೆ, ಮಾಡುವವನ ಶ್ವಾಸಕೋಶವೂ ಹೋಗುತ್ತದೆ. ಗಾಜಿನ ಮಣಿಯಲ್ಲಿ ನೋಟ ಚೆನ್ನಾಗಿ ಬರುತ್ತದೆ, ಆದರೆ ಎಣ್ಣೆ ದಾರಿಯಲ್ಲಿ ನಾಲ್ಕು ಮಣಿ ಉಳಿದರೂ ಬೇರಿಂಗ್ ಮುಗಿಯಿತು. ಎಣ್ಣೆ ಓಡುವ ಭಾಗಕ್ಕೆ ಅಡುಗೆ ಸೋಡಾದ ಬ್ಲಾಸ್ಟಿಂಗ್ ಒಳ್ಳೆಯದು, ಉಳಿದ ಪುಡಿ ನೀರಲ್ಲಿ ಕರಗಿ ಹೋಗುತ್ತದೆ. ಗ್ಯಾಸ್ಕೆಟ್ ಮುಖಕ್ಕೆ ಒರಟು ಹಸಿರು ಸ್ಕ್ರಬ್ಬರ್ ಹಾಕುವವರೂ ಇದ್ದಾರೆ. ಅದರ ಪುಡಿಯೂ ಬೇರಿಂಗಿಗೆ ಮರಳಿನಷ್ಟೇ ಕೆಟ್ಟದ್ದು.

ಜೋಡಿಸುವ ಮೊದಲು

ಹೆಡ್ ಬೆಳ್ಳಗಾಯಿತು ಅಂತ ಕೂರಿಸಿಬಿಡಬೇಡಿ. ಸ್ವಚ್ಛ ಆದಾಗಲೇ ಬಿರುಕು ನೋಡಲು ಒಳ್ಳೆ ಸಮಯ. ವಾಲ್ವ್ ಸೀಟುಗಳ ನಡುವೆ ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು ಪೂರ್ತಿ ಒರೆಸಿ. ಸೀಮೆಸುಣ್ಣ ಪುಡಿ ಮಾಡಿ ಮೇಲೆ ಉದುರಿಸಿ. ಬಿರುಕು ಇದ್ದರೆ ಒಳಗೆ ಇಳಿದ ಸೀಮೆಎಣ್ಣೆ ಮೇಲೆ ಬಂದು ಬಿಳಿ ಪುಡಿಯಲ್ಲಿ ಸಣ್ಣ ಕಪ್ಪು ಗೆರೆ ಮೂಡುತ್ತದೆ.

ಆಮೇಲೆ ನೇರ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ತೂರಿಸಿ. 0.05 ಮಿಲಿಮೀಟರ್ ಎಲೆ ಎಲ್ಲೂ ಹೋಗದಿದ್ದರೆ ನೆಮ್ಮದಿ. 0.1 ಹೋದರೆ ಫೇಸಿಂಗ್ ಬೇಕು. ಫೇಸಿಂಗ್ ಹಾಕಿಸುವ ಮೊದಲು ಹೆಡ್ಡಿನ ಎತ್ತರ ಅಳೆದು ಬರೆದಿಡಿ. ಹಳೇ ಹೆಡ್ಡಿಗೆ ಹಿಂದೆ ಎಷ್ಟು ಸಲ ಫೇಸಿಂಗ್ ಆಗಿದೆಯೋ, ತೆಗೆದಷ್ಟೂ ಕಂಪ್ರೆಷನ್ ಏರುತ್ತದೆ.

ಪಾಲಿಷ್ ವಿಷಯ. ಕನ್ನಡಿಯಂತೆ ಹೊಳೆಯುವ ಹೆಡ್ ನನಗೆ ಇಷ್ಟವಿಲ್ಲ. ಕಾರ್ಖಾನೆಯಿಂದ ಬಂದಾಗ ಅದು ಎರಕದ ಮಂಕು ಬೂದು ಬಣ್ಣದಲ್ಲೇ ಇತ್ತು, ಎರಕದ ಅಚ್ಚಿನ ಗೆರೆ, ಅಂಕೆ ಎಲ್ಲ ಕಾಣುತ್ತಿತ್ತು. ಪಾಲಿಷ್ ಹಾಕಿದರೆ ಆ ಅಂಕೆಗಳು ಸವೆದುಹೋಗುತ್ತವೆ. ನಮ್ಮ ಮಳೆಗೆ ಹೊಳಪು ನಿಲ್ಲುವುದೂ ಒಂದು ವರ್ಷ ಅಷ್ಟೇ. ಅದರ ಬದಲು ಭಾಗವನ್ನು ಕೈ ತಾಳುವಷ್ಟು ಬೆಚ್ಚಗೆ ಮಾಡಿ ತೆಳ್ಳಗೆ ವ್ಯಾಕ್ಸ್ ಹಚ್ಚಿ ಒರೆಸಿ. ಬಿಚ್ಚಿಟ್ಟ ಭಾಗವನ್ನು ಮಳೆಗಾಲದಲ್ಲಿ ಪ್ಲಾಸ್ಟಿಕ್ಕಲ್ಲಿ ಸುತ್ತಬೇಡಿ, ಒಳಗೆ ಬೆವರುತ್ತದೆ. ತೆಳ್ಳಗೆ ಎಣ್ಣೆ ಹಚ್ಚಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಅಟ್ಟದಲ್ಲಿಡಿ.

ಜೋಡಿಸಿದ ಮೇಲೆ ರೇಡಿಯೇಟರಿಗೆ ಕೂಲಂಟ್ ಹಾಕಿ, ಅಲ್ಯೂಮಿನಿಯಂಗೆ ಆಗುತ್ತದೆ ಅಂತ ಡಬ್ಬಿ ಮೇಲೆ ಬರೆದಿರುವುದನ್ನು. ನಮ್ಮ ಸೆಖೆಗೆ, ಚಳಿಗೆ ಹೆಪ್ಪುಗಟ್ಟುವ ಭಯವೇನೂ ಇಲ್ಲ. ಹಾಕುವುದು ಅದರಲ್ಲಿರುವ ತುಕ್ಕು ತಡೆಯುವ ಅಂಶಕ್ಕಾಗಿ. ಆ ಅಂಶ ವರ್ಷ ಕಳೆದಂತೆ ಸತ್ವ ಕಳೆದುಕೊಳ್ಳುತ್ತದೆ, ಬಣ್ಣ ಹಾಗೇ ಇದ್ದರೂ. ನಾನು ಎರಡು ವರ್ಷಕ್ಕೊಮ್ಮೆ, ಬೋರ್ಡೋ ಕಲಸುವ ವಾರದಲ್ಲೇ ಬದಲಾಯಿಸುತ್ತೇನೆ. ಬೋರ್ಡೋ ಡ್ರಮ್ಮು ಈಗ ಅಡಿಕೆ ಬೇಯಿಸುವ ಒಲೆಯ ಆಚೆ ಕಡೆ ಇದೆ, ಗಾಡಿಯಿಂದ ಮೂವತ್ತು ಹೆಜ್ಜೆ ದೂರ.